ಅಲಂಕೃತ ಗಿಟಾರು: ವಾದನಕ್ಕೋ, ದರ್ಶನಕ್ಕೋ?

ಕಳೆದ ನವರಾತ್ರಿಯಲ್ಲಿ ಸರಸ್ವತೀಪೂಜೆಯ ದಿನ ನನ್ನ ಹಳೆಯ ಶಿಷ್ಯನೊಬ್ಬನ ಮನೆಗೆ ಹೋಗಿದ್ದೆನು. ಆತನು ಹಲವು ವರ್ಷ ಅಮೆರಿಕಾ ದೇಶದಲ್ಲಿದ್ದು ಈಚೆಗೆ ಊರಿಗೆ ಹಿಂದಿರುಗಿದವನು. ಪೂಜೆಯ ಮಣೆಯ ಮೇಲೆ ತಾಯಿಯವರು ಪಾರಾಯಣ ಮಾಡುವ ರಾಮಾಯಣ, ಮಕ್ಕಳ ಪಠ್ಯಪುಸ್ತಕಗಳು, ಒಂದು ಶ್ರುತಿಪೆಟ್ಟಿಗೆ ಇವುಗಳನ್ನು ಜೋಡಿಸಿದ್ದರು. ಇವುಗಳ ನಡುವೆ ಗೋಡೆಗೆ ಒರಗಿಸಿದ ಒಂದು ವಿದ್ಯುತ್ ಗಿಟಾರು. ಅದರ ಕೊರಳಿನ ಕರಿಮರದ ಪಟ್ಟಿಯ ಮೇಲೆ, ಬುಡದಿಂದ ತುದಿಯವರೆಗೆ, ಮುತ್ತಿನ ಚಿಪ್ಪನ್ನು ಕೊರೆದು ಕೂರಿಸಿದ ಬಳ್ಳಿ. ಬಳ್ಳಿಯ ಕವಲುಗಳಲ್ಲಿ ಏಳು ಹಕ್ಕಿಗಳು. ದೇವಿಯ ಪಟಕ್ಕಿಂತ ಮೊದಲು ನನ್ನ ಕಣ್ಣು ಅಲ್ಲಿಗೇ ಹೋಯಿತೆಂಬುದನ್ನು ಒಪ್ಪಿಕೊಳ್ಳಬೇಕು. ಇಂಥವರ ಬಳಿ ಇಂಥದನ್ನು ಮಾಡಿಕೊಡಿರೆಂದು ಹೇಳಿ, ಒಂದೂವರೆ ವರ್ಷ ಕಾದು ಮಾಡಿಸಿದ್ದಂತೆ.

“ಚೆನ್ನಾಗಿ ನುಡಿಯುತ್ತದೆಯೇನಪ್ಪ?” ಎಂದು ಕೇಳಿದೆನು.

“ನುಡಿಯುತ್ತೆ ಮೇಷ್ಟ್ರೇ. ಆದರೆ ನಾನು ನುಡಿಸೋದು ಅದನ್ನಲ್ಲ” ಎಂದು, ಮೂಲೆಯಲ್ಲಿದ್ದ, ಬಣ್ಣ ಎದ್ದುಹೋದ ಇನ್ನೊಂದು ಗಿಟಾರನ್ನು ತೋರಿಸಿದನು.

“ಹಾಗಾದರೆ ಇದು ಯಾತಕ್ಕೆ?”

ಆತನು ನಕ್ಕನೇ ಹೊರತು ಉತ್ತರ ಹೇಳಲಿಲ್ಲ. ಪ್ರಶ್ನೆ ಕೇಳಿದವನು ನಾನಾದುದರಿಂದ ಉತ್ತರ ಹುಡುಕುವ ಹೊಣೆಯೂ ನನ್ನ ಮೇಲೆಯೇ ಬಿದ್ದಿತು. ವೀಣೆಯ ನಾದದಲ್ಲಿ ಬೆಳೆದ ಕಿವಿಗೆ ಈ ಪರದೇಶದ ವಾದ್ಯದ ಗುಣದೋಷಗಳನ್ನು ಹೇಳುವ ಅಧಿಕಾರವೆಲ್ಲಿಯದು ಎಂದು ವಾಚಕರು ಆಕ್ಷೇಪಿಸಬಹುದು. ಆಕ್ಷೇಪಣೆ ಸರಿಯೆ. ಆದರೆ ಇಲ್ಲಿ ವಿಚಾರಿಸಹೊರಟಿರುವುದು ನಾದವನ್ನಲ್ಲ, ಅಲಂಕಾರವನ್ನು. ಮೂವತ್ತು ವರ್ಷ ಅಲಂಕಾರದ ಲಕ್ಷಣಗಳನ್ನು ಪಾಠ ಹೇಳಿದವನಿಗೆ ಈ ವಿಷಯವು ಪೂರ್ತಿ ಪರಕೀಯವೆನಿಸಲಾರದು.

ಮೊದಲು ವಾದ್ಯದ ಸ್ವರೂಪವನ್ನು ನೋಡೋಣ. ವೀಣೆಯಲ್ಲಿ ತಂತಿಯ ಕಂಪನವು ಕುದುರೆಯ ಮೂಲಕ ಕೊಡದ ಮೇಲಣ ಹಲಗೆಗೆ ಇಳಿದು, ಒಳಗಣ ಗಾಳಿಯನ್ನು ಅಲುಗಿಸಿ ನಾದವಾಗುತ್ತದೆ. ಆ ಹಲಗೆಯನ್ನು ಮುಟ್ಟುವಾಗ ಬಡಗಿಗೆ ಒಂದು ಭಯವಿರುತ್ತದೆ. ಆದುದರಿಂದಲೇ ಅವನು ಒಡವೆಯನ್ನೆಲ್ಲ ಅಂಚಿಗೆ, ದಂಡಿಗೆ, ತುದಿಯ ಯಾಳಿಯ ಮುಖಕ್ಕೆ ಸಾಗಿಸುತ್ತಾನೆ. ಯೂರೋಪಿನ ಹಳೆಯ ಗಿಟಾರುಗಳಲ್ಲಿಯೂ ಇದೇ ನ್ಯಾಯ. ಹ್ಯಾಂಬರ್ಗ್ ನಗರದಲ್ಲಿದ್ದ ಯೋಆಖಿಮ್ ಟೀಲ್ಕೆ (1641–1719) ಎಂಬ ಪ್ರಸಿದ್ಧ ಶಿಲ್ಪಿಯು ಆನೆಯ ದಂತ, ಆಮೆಯ ಚಿಪ್ಪು ಇವುಗಳಿಂದ ಗಿಟಾರಿನ ಬೆನ್ನು, ಪಕ್ಕೆ, ಕೊರಳುಗಳನ್ನು ತೆರಪಿಲ್ಲದಂತೆ ತುಂಬಿದನು; ನಾದ ಹುಟ್ಟುವ ಮುಂದಣ ಹಲಗೆಯನ್ನು ಮಾತ್ರ ಬಹುಮಟ್ಟಿಗೆ ಬರಿದಾಗಿಯೇ ಬಿಟ್ಟನು.

ವಿದ್ಯುತ್ ಗಿಟಾರಿನಲ್ಲಿ ಈ ಭಯವಿಲ್ಲ. ಅದರ ಒಡಲು ಸಾಮಾನ್ಯವಾಗಿ ಇಡಿಯಾದ ಮರದ ದಿಮ್ಮಿ. ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತವೂ ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತುಗಳೂ ಇರುತ್ತವೆ. ಇದಕ್ಕೆ ಪಿಕಪ್ಪು ಎಂದು ಹೆಸರು. ಉಕ್ಕಿನ ತಂತಿಯು ಅಲುಗಿದೊಡನೆ ಅಯಸ್ಕಾಂತದ ಪ್ರಭಾವವು ಏರಿಳಿದು ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಅದು ಧ್ವನಿವರ್ಧಕದ ಪೆಟ್ಟಿಗೆಯನ್ನು ಸೇರಿ ನಾದವಾಗುತ್ತದೆ. ಆದುದರಿಂದ ಮರದ ಮೇಲ್ಮೈಯನ್ನು ಎಷ್ಟು ಸಿಂಗರಿಸಿದರೂ ನಾದಕ್ಕೆ ಹೇಳಿಕೊಳ್ಳುವಂಥ ಹಾನಿಯಿಲ್ಲ. ಹಾನಿಯ ಭಯ ತಪ್ಪಿದಮೇಲೆ ಮಿತಿಯೂ ತಪ್ಪುವುದು ಮನುಷ್ಯಸ್ವಭಾವವಷ್ಟೆ.

ಇಲ್ಲಿ ಒಂದು ಪೂರ್ವಪಕ್ಷವುಂಟು. ಸಿಂಗಾರವುಳ್ಳದ್ದೆಲ್ಲ ಪ್ರದರ್ಶನದ ವಸ್ತು, ಬರಿಯದೆಲ್ಲ ವಾದನದ ವಸ್ತು ಎಂದು ಅನೇಕರು ನಂಬಿದ್ದಾರೆ. ಇದು ನಿಲ್ಲತಕ್ಕ ವಾದವಲ್ಲ. ಇಟಲಿಯ ಸ್ಟ್ರಾಡಿವಾರಿ 1709ರಲ್ಲಿ ಮಾಡಿದ ‘ಗ್ರೆಫ್ಯೂಲ್’ ಎಂಬ ಪಿಟೀಲು ಪಕ್ಕೆಗಳ ಮೇಲೆಲ್ಲ ಲತೆಗಳ ಚಿತ್ತಾರವನ್ನು ಹೊತ್ತಿದೆ. ಅದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಸ್ವತ್ತು. ಆದರೂ ಅದನ್ನು ಕಛೇರಿಗಳಲ್ಲಿ ನುಡಿಸುತ್ತ ಬಂದಿದ್ದಾರೆ. ಅದೇ ಸ್ಟ್ರಾಡಿವಾರಿ 1716ರಲ್ಲಿ ಮಾಡಿದ ‘ಮೆಸ್ಸಾಯ’ ಎಂಬ ಪಿಟೀಲಿಗೆ ಅಂಥ ಯಾವ ಚಿತ್ತಾರವೂ ಇಲ್ಲ. ಅದು ಆಕ್ಸ್‌ಫರ್ಡಿನ ಆಶ್ಮೋಲಿಯನ್ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಹಿಂದೆ ಮೌನವಾಗಿ ನಿಂತಿದೆ. ಒಡವೆ ತೊಟ್ಟದ್ದು ಹಾಡುತ್ತಿರುವಾಗ ಬರಿಮೈಯದು ಮೂಕವಾಗಿರುವುದನ್ನು ಕಂಡಮೇಲೆ ದೋಷವನ್ನು ಒಡವೆಯ ತಲೆಗೆ ಕಟ್ಟುವುದು ಹೇಗೆ?

ಹಾಗೆಂದಮಾತ್ರಕ್ಕೆ ಎಲ್ಲ ಅಲಂಕಾರವೂ ಸಮಾನವೆಂದಾಗಲಿಲ್ಲ. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನು ಧ್ವನ್ಯಾಲೋಕದಲ್ಲಿ ಇದಕ್ಕೊಂದು ಒರೆಗಲ್ಲನ್ನು ಕೊಟ್ಟಿದ್ದಾನೆ. ರಸದಲ್ಲಿ ಮುಳುಗಿದ ಕವಿಗೆ ಆ ರಸವನ್ನು ತರುವ ಪ್ರಯತ್ನದಲ್ಲಿಯೇ, ಬೇರೆ ಶ್ರಮವಿಲ್ಲದೆ, ಯಾವ ಅಲಂಕಾರವು ಒದಗಿಬರುವುದೋ ಅದೇ ನಿಜವಾದ ಅಲಂಕಾರ. ಯಾವುದಕ್ಕೆ ಕವಿಯು ರಸವನ್ನು ಬಿಟ್ಟು ಬೇರೆಯಾಗಿ ದುಡಿಯಬೇಕೋ ಅದು ಹೊರಗಿನದು ಎಂಬುದು ಅವನ ಅಭಿಪ್ರಾಯ. ವಿರಹದ ಪದ್ಯದಲ್ಲಿ ಯಮಕವನ್ನು ಜೋಡಿಸುತ್ತ ಕುಳಿತವನನ್ನು ಅವನು ಮೆಚ್ಚುವುದಿಲ್ಲ. ಈ ಒರೆಗಲ್ಲಿಗೆ ಗಿಟಾರನ್ನು ತಿಕ್ಕಿದರೆ ಏನಾಗುತ್ತದೆ?

ಲಂಡನ್ನಿನಲ್ಲಿ ಟೋನಿ ಜೆಮೈಟಿಸ್ (1935–2002) ಎಂಬೊಬ್ಬನಿದ್ದನು. ಮರಗೆಲಸ ಕಲಿತು ಗಿಟಾರು ಮಾಡಲು ಹೊರಟವನು. ಪಿಕಪ್ಪುಗಳಿಗೆ ಒಂದು ಜಾಡ್ಯವಿದೆ: ಸುತ್ತಣ ದೀಪ, ಯಂತ್ರ, ತಂತಿಗಳಿಂದ ಬರುವ ವಿದ್ಯುತ್ತಿನ ಗದ್ದಲವನ್ನೂ ಹಿಡಿದು ಜೇನ್ನೊಣದಂತೆ ಗುಂಯ್ಗುಡುವುದು. 1970ರ ಸುಮಾರಿನಲ್ಲಿ ಈತನು, ಗಿಟಾರಿನ ಮುಖಕ್ಕೆ ಲೋಹದ ತಗಡನ್ನು ಹೊದಿಸಿದರೆ ಆ ಗದ್ದಲಕ್ಕೆ ತಡೆಯಾದೀತೆಂದು ಯೋಚಿಸಿ ಹಾಗೆಯೇ ಮಾಡಿದನು. ತಗಡು ಬಂದುದು ಕಿವಿಗಾಗಿ. ಆದರೆ ರಂಗದ ದೀಪ ಬಿದ್ದಾಗ ಅದು ಮಿಂಚತೊಡಗಿತು. ಆ ಬಳಿಕ ಬೇಟೆಯ ಬಂದೂಕುಗಳ ಮೇಲೆ ಚಿತ್ತಾರ ಕೆತ್ತುವ ಕಸುಬಿನ ಡ್ಯಾನಿ ಓಬ್ರಯನ್ ಎಂಬಾತನು ಆ ತಗಡಿನ ಮೇಲೆ ಉಳಿ ಆಡಿಸಿದನು. ರಾನ್ ವುಡ್, ಕೀತ್ ರಿಚರ್ಡ್ಸ್ ಮೊದಲಾದ ಹೆಸರಾಂತ ವಾದಕರು ಇವನ್ನು ಹೆಗಲಿಗೆ ಹಾಕಿಕೊಂಡು ಸಾವಿರಾರು ಜನರ ಮುಂದೆ ನುಡಿಸಿದರು. ತಗಡಿಗೆ ಕೈ ತಗುಲಿ ಗೀರಾದರೆ ಚಿತ್ತಾರದಲ್ಲಿ ಅದು ಇನ್ನೊಂದು ಗೆರೆ. ಆನಂದವರ್ಧನನು ಇದನ್ನು ಕಂಡಿದ್ದರೆ ತಲೆದೂಗುತ್ತಿದ್ದನೆಂದು ನನ್ನ ನಂಬಿಕೆ.

ಇದಕ್ಕಿಂತಲೂ ಸೂಕ್ಷ್ಮವಾದ ಉದಾಹರಣೆಯೊಂದಿದೆ. ಫೆಂಡರ್ ಕಂಪೆನಿಯವರ ಮೊದಲ ಗಿಟಾರುಗಳು ಹಲಗೆಯಂತೆ ಚಪ್ಪಟೆಯಾಗಿದ್ದವು. ಅಂಚು ಪಕ್ಕೆಲುಬಿಗೆ ಒತ್ತುತ್ತದೆಂದು ವಾದಕರು ದೂರಿದರು. 1954ರಲ್ಲಿ ಬಂದ ಸ್ಟ್ರಾಟೊಕಾಸ್ಟರ್ ಎಂಬುದರಲ್ಲಿ ಬೆನ್ನನ್ನು ಪಕ್ಕೆಗೆ ತಕ್ಕಂತೆ ಕೆತ್ತಿ, ಮುಂಗೈ ಒರಗುವೆಡೆಯನ್ನು ಇಳಿಜಾರು ಮಾಡಿದರು. ಇಂದು ಜನರು ಆ ವಾದ್ಯದ ಚೆಲುವೆಂದು ಹೊಗಳುವುದು ಈ ಬಾಗುಗಳನ್ನೇ. ಅದರಲ್ಲಿ ಚಿಪ್ಪಿನ ಬಳ್ಳಿಯಿಲ್ಲ, ಚಿನ್ನವಿಲ್ಲ. ನೋವನ್ನು ತಪ್ಪಿಸಹೋದ ಉಳಿಯೇ ಚೆಲುವನ್ನೂ ತಂದಿತು.

ಇನ್ನು ಶಿಷ್ಯನ ಮನೆಯ ಹಕ್ಕಿಗಳ ಜಾತಿಗೆ ಬರೋಣ. ಈ ವರ್ಗದಲ್ಲಿ ಪ್ರಸಿದ್ಧವಾದುದು ಅಮೆರಿಕಾದ ಮೇರಿಲ್ಯಾಂಡ್ ಪ್ರಾಂತದ ಪಾಲ್ ರೀಡ್ ಸ್ಮಿತ್ ಎಂಬಾತನು 1992ರಲ್ಲಿ ಹೊರತಂದ ‘ಡ್ರ್ಯಾಗನ್’ ಗಿಟಾರು. ಕೊರಳುದ್ದಕ್ಕೂ 201 ಚೂರುಗಳಿಂದ ಕೂಡಿಸಿದ ಘಟಸರ್ಪ. ಮಾಡಿದ್ದು 50 ಮಾತ್ರ. ಹುಡುಗನಾಗಿದ್ದಾಗ ಕಂಡ ಕನಸಂತೆ. ಕುಶಲತೆಯಲ್ಲಿ ಲೋಪ ಹುಡುಕುವುದು ಕಷ್ಟ: ಕರಿಮರದಲ್ಲಿ ಗುಳಿ ತೋಡಿ, ಚಿಪ್ಪನ್ನು ಅಂಟಿಸಿ, ಮಟ್ಟಸಮಾಡಿ, ಅನಂತರ ಮೆಟ್ಟುಗಳನ್ನು ಹೊಡೆಯುವುದರಿಂದ ಬೆರಳಿಗೆ ಚಿಪ್ಪು ಯಾವುದು ಮರ ಯಾವುದು ಎಂದು ತಿಳಿಯುವುದೇ ಇಲ್ಲ. ನುಡಿಸಲು ಅದು ಪೂರ್ಣವಾಗಿ ಯೋಗ್ಯವಾದ ವಾದ್ಯ.

ಆದರೆ ಅಲಂಕಾರ ಕುಳಿತಿರುವ ಜಾಗವನ್ನು ನೋಡಿರಿ. ಉಕ್ಕಿನ ತಂತಿ ದಿನವೂ ಒತ್ತಿ ಒತ್ತಿ ಮೆಟ್ಟುಗಳು ಸವೆಯುತ್ತವೆ. ಚೆನ್ನಾಗಿ ನುಡಿಸುವವನ ಕೈಯಲ್ಲಿ ಕೆಲವು ವರ್ಷಗಳಿಗೊಮ್ಮೆ ಅವನ್ನು ಕಿತ್ತು ಹೊಸದನ್ನು ಹಾಕಬೇಕು. ಹಾಗೆ ಮಾಡುವಾಗ ಪಟ್ಟಿಯನ್ನು ಉಪ್ಪುಕಾಗದದಿಂದ ಉಜ್ಜಿ ಸಮಮಾಡುವುದುಂಟು. ಬರಿಯ ಮರವಾದರೆ ಚಿಂತೆಯಿಲ್ಲ. ಚಿಪ್ಪಿನ ಮೇಲೆ ಗರಿ, ಕಣ್ಣು, ಉಗುರುಗಳನ್ನು ಸೂಕ್ಷ್ಮವಾಗಿ ಗೀರಿ ಮಸಿ ತುಂಬಿದ್ದರೆ ಆ ಗೀರುಗಳು ಉಜ್ಜಿದೊಡನೆ ಅಳಿಸಿಹೋಗುತ್ತವೆ. ತೆಳುವಾದ ಚಿಪ್ಪು ತೂತುಬೀಳುವುದೂ ಉಂಟು. ಅಂದರೆ ವಾದಕನು ಎಷ್ಟೆಷ್ಟು ನುಡಿಸುತ್ತಾನೋ ಹಕ್ಕಿಯ ಕಣ್ಣು ಅಳಿಸಿಹೋಗುವ ದಿನ ಅಷ್ಟಷ್ಟು ಹತ್ತಿರವಾಗುತ್ತದೆ. ಇಲ್ಲಿ ಅಲಂಕಾರವು ರಸದ ಜತೆಗೆ ಬರಲಿಲ್ಲ. ರಸದ ದಾರಿಯಲ್ಲಿಯೇ ಅಡ್ಡ ಕುಳಿತಿತು. ನನ್ನ ತಕರಾರು ಇಷ್ಟೆ. ಅದೇ ಬಳ್ಳಿಯನ್ನು ಸವೆತ ತಾಗದ ತಲೆಯ ಭಾಗದಲ್ಲಿಯೋ ಒಡಲಿನ ಅಂಚಿನಲ್ಲಿಯೋ ಹಬ್ಬಿಸಿದ್ದರೆ ಟೀಲ್ಕೆಯ ವಂಶಕ್ಕೆ ಸೇರುತ್ತಿತ್ತು. ಇಷ್ಟಾದರೂ ಮಾಡಿದವನನ್ನು ನಾನು ಪೂರ್ತಿ ದೂರಲಾರೆ. ಅವನು ವಾದ್ಯವನ್ನೇ ಮಾಡಿದನು. ಅದನ್ನು ಮೂಕಮಾಡಿದುದು ಕೊಂಡವನ ಭಯ, ಭಯವನ್ನು ಹುಟ್ಟಿಸಿದುದು ಬೆಲೆ.

ಬರಿಮೈಯ ಪಕ್ಷದವರು ಇದರಿಂದ ಹಿಗ್ಗಬೇಕಾಗಿಲ್ಲ. ಎರಿಕ್ ಕ್ಲ್ಯಾಪ್ಟನ್ ಎಂಬ ಇಂಗ್ಲೆಂಡಿನ ವಾದಕನು 1970ರಲ್ಲಿ ನ್ಯಾಶ್‌ವಿಲ್ ಊರಿನಲ್ಲಿ ಕೊಂಡ ಹಳೆಯ ಸ್ಟ್ರಾಟೊಕಾಸ್ಟರುಗಳ ಪೈಕಿ ಮೂರನ್ನು ಬಿಚ್ಚಿ, ಒಳ್ಳೆಯ ಭಾಗಗಳನ್ನು ಕೂಡಿಸಿ ಒಂದು ಗಿಟಾರನ್ನು ಮಾಡಿಕೊಂಡನು. ಕರಿಯ ಬಣ್ಣದ್ದಾದುದರಿಂದ ‘ಬ್ಲ್ಯಾಕಿ’ ಎಂದು ಹೆಸರಾಯಿತು. ಸಿಂಗಾರದ ಸುಳಿವೂ ಇಲ್ಲದ ಅದನ್ನು ವರ್ಷಗಟ್ಟಲೆ ನುಡಿಸಿ ಸವೆಸಿದನು. 2004ರಲ್ಲಿ ಅದು ಹರಾಜಿನಲ್ಲಿ 9,59,500 ಡಾಲರಿಗೆ ಮಾರಿತು. 2006ರಲ್ಲಿ ಫೆಂಡರ್ ಕಂಪೆನಿಯವರು ಅದರ ಪ್ರತಿಕೃತಿಗಳನ್ನು 275ರಂತೆ ಮಾಡಿದರು. ಸವೆದ ಬಣ್ಣ, ಸಿಗರೇಟಿನ ಸುಟ್ಟ ಕಲೆ ಎಲ್ಲವನ್ನೂ ನಕಲುಮಾಡಿದರು. ಹೊಸ ಗಿಟಾರನ್ನು ಬೇಕೆಂದೇ ಹಳತುಮಾಡಿ ಮಾರುವ ಪದ್ಧತಿಯನ್ನು ಅವರು 1995ರಲ್ಲಿಯೇ ಆರಂಭಿಸಿದ್ದರು. ಮೈಯೆಲ್ಲ ವಿಭೂತಿ ಬಳಿದುಕೊಂಡ ಮಾತ್ರಕ್ಕೆ ತಪಸ್ವಿಯಾದೆನೆಂದು ತಿಳಿಯುವವನ ಕಥೆ ಇದು. ದುಡಿಮೆಯ ಗುರುತೇ ಒಡವೆಯಾದಾಗ, ಚಿಪ್ಪಿನ ಹಕ್ಕಿಯೇ ಎಷ್ಟೋ ಪ್ರಾಮಾಣಿಕವೆಂದು ನನಗೆ ತೋರುತ್ತದೆ. ಅದು ತಾನು ಒಡವೆಯೆಂದು ಹೇಳಿಕೊಂಡೇ ಕುಳಿತಿರುತ್ತದೆ.

ಇಡೀ ವಿಚಾರದಲ್ಲಿ ನನ್ನನ್ನು ಕಾಡಿದುದು ಬೇರೆ ಒಂದು ನೆನಪು. ನನ್ನ ಸೋದರತ್ತೆಯವರಲ್ಲಿ ಒಂದು ವೀಣೆಯಿದ್ದಿತು. ಅಂಚಿಗೆಲ್ಲ ದಂತದ ಕೆಲಸ. ಅವರು ತೀರಿಕೊಂಡಮೇಲೆ ಮನೆಯವರು ಅದನ್ನು ಗಾಜಿನ ಬೀರುವಿನಲ್ಲಿಟ್ಟರು; ಮಕ್ಕಳು ಮುಟ್ಟಬಾರದೆಂದು ಬೀಗವನ್ನೂ ಹಾಕಿದರು. ಹನ್ನೊಂದು ವರ್ಷದ ಮೇಲೆ ಮೊಮ್ಮಗಳು ಕಲಿಯಬೇಕೆಂದಾಗ ತೆಗೆದು ನೋಡಿದರೆ, ಮೇಳದ ಮೇಣ ಒಣಗಿ ಬಿರುಕುಬಿಟ್ಟು ಮೆಟ್ಟುಗಳು ಕಳಚಿದ್ದವು, ಬಿರಡೆಗಳು ಬಿಗಿದು ಕೂತಿದ್ದವು. ದಂತ ಮಾತ್ರ ಹೊಳೆಯುತ್ತಿದ್ದಿತು. ಮುಟ್ಟದೆ ಇಟ್ಟರೆ ವಾದ್ಯವು ಇದ್ದಹಾಗೆಯೇ ಇರುತ್ತದೆಂದು ನಂಬಿದ್ದವರಲ್ಲಿ ನಾನೂ ಒಬ್ಬನು. ಆ ಬೀಗದ ಕೈ ಕೆಲವು ಕಾಲ ನನ್ನ ವಶದಲ್ಲಿಯೇ ಇದ್ದಿತು.

ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯ ದಿನ ತೆಗೆದು ಒಂದು ಪುಟವನ್ನಾದರೂ ಓದಬೇಕು, ವಾದ್ಯವನ್ನು ಒಂದಿಷ್ಟಾದರೂ ನುಡಿಸಬೇಕು ಎಂಬುದು ನಮ್ಮ ಕಡೆಯ ಮನೆಗಳ ಪದ್ಧತಿ. ಆ ದಿನ ಬೆಳಿಗ್ಗೆ ಮತ್ತೆ ಶಿಷ್ಯನ ಮನೆಗೆ ಹೋದೆನು.

“ಮಣೆಯ ಮೇಲೆ ಇಟ್ಟಿದ್ದು ಯಾವುದೋ ಅದನ್ನೇ ನುಡಿಸಬೇಕು ಕಣಯ್ಯ. ಮೂಲೆಯದನ್ನಲ್ಲ” ಎಂದೆನು.

“ತಂತಿ ತುಕ್ಕು ಹಿಡಿದಿದೆ ಮೇಷ್ಟ್ರೇ.”

“ಬೇರೆ ಹಾಕು. ನನಗೇನೂ ಅವಸರವಿಲ್ಲ.”

ಹೊಸ ತಂತಿಗಳನ್ನು ಹಾಕಿ ಶ್ರುತಿಮಾಡಲು ಅರ್ಧ ಗಂಟೆ ಹಿಡಿಯಿತು. ಆತನು ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ನಿಂತನು. ಮೊದಮೊದಲು ಎಡಗೈಯ ಬೆರಳುಗಳು ಹಕ್ಕಿಗಳಿಗೆ ನೋವಾದೀತೆಂಬಂತೆ ಚಲಿಸುತ್ತಿದ್ದವು. ಕಣ್ಣು ಬಳ್ಳಿಯ ಮೇಲೆಯೇ ಇದ್ದಿತು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಮುಚ್ಚಿತು. ನಾದವು ನನ್ನ ಕಿವಿಗೆ ಖಾರವಾಗಿದ್ದರೂ, ತಂತಿಯನ್ನು ಎಳೆದು ಸ್ವರವನ್ನು ಏರಿಸುವಾಗ ನಮ್ಮ ಗಮಕದ ನೆರಳು ಅಲ್ಲಲ್ಲಿ ಕಂಡಂತಾಯಿತು. ಅಡಿಗೆಯ ಮನೆಯಿಂದ ತಾಯಿಯವರು ಬಂದು ಬಾಗಿಲಲ್ಲಿ ನಿಂತರು. ಮುಗಿಸಿ ಗಿಟಾರನ್ನು ತಿರುಗಿಸಿದಾಗ, ಷರಾಯಿಯ ನಡುಪಟ್ಟಿಯ ಕೊಂಡಿ ತಾಗಿ ಅದರ ಬೆನ್ನಿನ ಹೊಳಪಿನ ಮೇಲೆ ಬೆರಳುದ್ದದ ಗೀರು ಬಿದ್ದಿದ್ದಿತು. ಆತನು ಅದನ್ನು ಕಂಡನು. ಪಂಚೆಯ ತುಂಡಿನಿಂದ ಎರಡು ಸಲ ಒರಸಿದನು, ಗೀರು ಹೋಗಲಿಲ್ಲ. ನಾನೂ ತಾಯಿಯವರೂ ಮಾತಾಡಲಿಲ್ಲ. ಆಮೇಲೆ ಪಟ್ಟಿಯನ್ನು ಮತ್ತೆ ಹೆಗಲಿಗೇರಿಸಿ, ನಿಲ್ಲಿಸಿದ್ದ ಕಡೆಯಿಂದ ಮುಂದುವರಿಸಿದನು. ಅಂದು ಎಲೆ ಹಾಕುವ ಹೊತ್ತಿಗೆ ಎರಡು ಗಂಟೆಯಾಗಿದ್ದಿತು.