ಡೈನಮೋ ಮೇಸ್ತ್ರಿಯ ಕೈಗುಣ

ಹಳೆಯ ಮೋರಿಸ್ ಮೈನರ್ ಕಾರಿನ ಲೂಕಾಸ್ ಡೈನಮೋ ಬಿಚ್ಚಿದರೆ ಮೊದಲು ಮೂಗಿಗೆ ಬಡಿಯುವುದು ಕಾರ್ಬನ್ ಪುಡಿ, ಸುಟ್ಟ ವಾರ್ನಿಷ್‌ಗಳ ವಾಸನೆ. ಒಳಗೆ ತಿರುಗುವ ಆರ್ಮೇಚರಿನ ತುದಿಯಲ್ಲಿ ತಾಮ್ರದ ಪಟ್ಟಿಗಳ ಕಮ್ಯುಟೇಟರ್. ವರ್ಷಗಟ್ಟಲೆ ಕಾರ್ಬನ್ ಬ್ರಶ್ ಉಜ್ಜಿ ಅದು ಕಪ್ಪಾಗಿ, ನಡುವೆ ತೋಡು ಬಿದ್ದಿರುತ್ತದೆ.

ಲೇತಿಗೆ ಕಟ್ಟಿ ನವಿರಾಗಿ ಒಂದು ಪದರ ತೆಗೆದರೆ ತಾಮ್ರ ಥಳಥಳಿಸುತ್ತದೆ. ನೋಡುವವರಿಗೆ ಕೆಲಸ ಮುಗಿದಂತೆಯೇ. ಒಳ್ಳೆಯ ಮೇಸ್ತ್ರಿಗೆ ಅದು ಶುರು. ಪಟ್ಟಿಗಳ ನಡುವಿನ ಮೈಕಾ ತಾಮ್ರದಷ್ಟು ಬೇಗ ಸವೆಯುವುದಿಲ್ಲ. ಎದ್ದು ನಿಂತು ಬ್ರಶ್ಶನ್ನು ನೆಗೆಸಿ ಕಿಡಿ ಹಾರಿಸುತ್ತದೆ. ಅದಕ್ಕೇ ಆತ ಹ್ಯಾಕ್ಸಾ ಬ್ಲೇಡಿನ ತುಂಡೊಂದನ್ನು ಮೈಕಾದಷ್ಟೇ ತೆಳ್ಳಗೆ ಮಸೆದು, ಒಂದೊಂದೇ ಸಂದಿಯನ್ನು ಸುಮಾರು 0.8 ಮಿ.ಮೀ. ಆಳಕ್ಕೆ ಕೆರೆಯುತ್ತಾನೆ. ಹೊಲಿಗೆ ಬಿಚ್ಚುವ ದರ್ಜಿಯಂಥ ತಾಳ್ಮೆ! ಬ್ಲೇಡು ಜಾರಿದರೆ ತಾಮ್ರಕ್ಕೆ ಗೀರು. ಅಂಚಿನಲ್ಲಿ ಚೂರು ಮೈಕಾ ಉಳಿದರೂ ಮತ್ತೆ ಕಿಡಿ. ಬೆರಳ ತುದಿ ಆಡಿಸಿಯೇ ಆತ ಅದನ್ನು ಕಂಡುಹಿಡಿಯುತ್ತಾನೆ.

ಆರ್ಮೇಚರಿನ ತುದಿ ಕೂತು ತಿರುಗುವ ಹೊಸ ಕಂಚಿನ ಬುಶ್ಶನ್ನು ಹಿಂದಿನ ದಿನವೇ ಎಂಜಿನ್ ಆಯಿಲ್‌ನಲ್ಲಿ ಮುಳುಗಿಸಿಟ್ಟಿರುತ್ತಾನೆ. ಸಣ್ಣ ರಂಧ್ರಗಳ ಆ ಲೋಹ 24 ಗಂಟೆ ಎಣ್ಣೆ ಕುಡಿಯಬೇಕು. ಈ ಮುಂದಾಲೋಚನೆ ನನಗೆ ಬಹಳ ಇಷ್ಟ.

ಜೋಡಿಸಿದ ಮೇಲೆ ಬ್ಯಾಟರಿಯಿಂದ ಒಂದು ವೈರು ತಂದು ಫೀಲ್ಡ್ ಟರ್ಮಿನಲ್ಲಿಗೆ ಕ್ಷಣಮಾತ್ರ ತಾಗಿಸುತ್ತಾನೆ. ಒಳಗಿನ ಕಬ್ಬಿಣದಲ್ಲಿ ಉಳಿಯುವ ಆ ಚಿಟಿಕೆ ಕಾಂತತೆಯಿಂದಲೇ ಡೈನಮೋ ಮುಂದೆ ತನ್ನ ಕರೆಂಟನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ.