ಬೇಸಿಕ್ ಫ್ಯಾಂಟಸಿ: ಒಂದು ಉಚಿತ ಆಟದ ನಿಯಮಗ್ರಂಥದ ಪರಾಮರ್ಶೆ

ಇತಿಹಾಸದ ಅಭ್ಯಾಸಿಯು ಆಟದ ನಿಯಮಗಳನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ಅಪ್ರಸ್ತುತವೆಂದು ಕೆಲವರಿಗೆ ತೋರಬಹುದು. ಆದರೆ ನಿಯಮವೆಂಬುದು ಕಾರ್ಯಕಾರಣ ಸಂಬಂಧದ ಒಂದು ನಿರೂಪಣೆ. ಇಂಥದು ನಡೆದರೆ ಇಂಥದು ಫಲಿಸುವುದೆಂದು ಹೇಳುವಲ್ಲಿ ನಿಯಮಕಾರನೂ ಇತಿಹಾಸಕಾರನೂ ಒಂದೇ ಬಗೆಯ ಕಾರ್ಯದಲ್ಲಿ ತೊಡಗಿರುತ್ತಾರೆ. ಮನುಷ್ಯರು ಏಕೆ ಕಾದುತ್ತಾರೆ, ಏಕೆ ಓಡುತ್ತಾರೆ, ಏಕೆ ಒಬ್ಬ ನಾಯಕನ ಬೆನ್ನಿಗೆ ನಿಲ್ಲುತ್ತಾರೆ ಎಂಬ ಪ್ರಶ್ನೆಗಳಿಗೆ ದಾಳದ ಮೂಲಕ ಉತ್ತರ ಕೊಡಲೆಳಸುವ ಗ್ರಂಥವೊಂದನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಗ್ರಂಥದ ಹೆಸರು 'ಬೇಸಿಕ್ ಫ್ಯಾಂಟಸಿ ರೋಲ್-ಪ್ಲೇಯಿಂಗ್ ಗೇಮ್'. ಕರ್ತೃ ಅಮೆರಿಕದ ಕ್ರಿಸ್ ಗೊನ್ನರ್‌ಮನ್. ಪ್ರಥಮ ಪ್ರಕಟಣೆ ೨೦೦೬.

ಆಟದ ಸ್ವರೂಪ ಇಂತಿದೆ. ನಾಲ್ಕಾರು ಜನ ಒಂದು ಮೇಜಿನ ಸುತ್ತ ಕೂಡುತ್ತಾರೆ. ಒಬ್ಬನು ಸೂತ್ರಧಾರ, ಉಳಿದವರಲ್ಲಿ ಪ್ರತಿಯೊಬ್ಬನೂ ಒಂದೊಂದು ಪಾತ್ರವನ್ನು ಧರಿಸುತ್ತಾನೆ. ಸೂತ್ರಧಾರನು ಹಾಳುಬಿದ್ದ ಕೋಟೆಯನ್ನೋ ನೆಲಮಾಳಿಗೆಯನ್ನೋ ಮಾತಿನಲ್ಲಿ ವರ್ಣಿಸುತ್ತಾನೆ. ಪಾತ್ರಧಾರಿಗಳು ತಾವೇನು ಮಾಡುವೆವೆಂಬುದನ್ನು ಹೇಳುತ್ತಾರೆ. ಫಲ ಸಂದಿಗ್ಧವಾದಲ್ಲಿ ದಾಳ ತೀರ್ಪು ಕೊಡುತ್ತದೆ. ಪಾತ್ರದ ಬಲ, ಬುದ್ಧಿ ಮೊದಲಾದ ಆರು ಗುಣಗಳನ್ನು ಮೂರು ದಾಳಗಳನ್ನು ಉರುಳಿಸಿ ನಿರ್ಣಯಿಸುತ್ತಾರೆ. ಅವುಗಳ ಬೆಲೆ ೩ರಿಂದ ೧೮ರವರೆಗೆ. ಯೋಧ, ಮಾಂತ್ರಿಕ, ಧರ್ಮಗುರು, ಕಳ್ಳ ಎಂದು ವೃತ್ತಿಗಳು ನಾಲ್ಕು. ಇಲ್ಲಿ ಹಲಗೆಯೂ ಅನಿವಾರ್ಯವಲ್ಲ, ಗೆಲವಿಗೆ ನಿಶ್ಚಿತವಾದ ಕೊನೆಯೂ ಇಲ್ಲ.

ಈ ಪ್ರಕಾರದ ಆಟಗಳಿಗೆ ಮೂಲವಾದುದು ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ೧೯೭೪ರಲ್ಲಿ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಮುಂದೆ ಅದರ ಒಡೆತನ ವಿಝರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಸಂಸ್ಥೆಗೆ ಬಂದಿತು. ೨೦೦೦ರಲ್ಲಿ ಆ ಸಂಸ್ಥೆ ನಿಯಮಗಳ ಬಹುಭಾಗವನ್ನು ಇತರರೂ ಬಳಸಬಹುದೆಂದು ಒಂದು ಮುಕ್ತ ಪರವಾನಗಿಯನ್ನು ಕೊಟ್ಟಿತು. ಅದರ ಆಧಾರದಿಂದ ಗೊನ್ನರ್‌ಮನ್ ಅವರು ೧೯೮೦ರ ಸುಮಾರಿನ ಹಳೆಯ, ಸರಳ ಕ್ರಮವನ್ನು ತಮ್ಮ ಮಾತಿನಲ್ಲಿ ಪುನಃ ರಚಿಸಿದರು. ೨೦೨೩ರ ಆರಂಭದಲ್ಲಿ ಮೂಲಸಂಸ್ಥೆಯು ಪರವಾನಗಿಯನ್ನು ಬಿಗಿಗೊಳಿಸಲು ಹೊರಟಾಗ ಆಟಗಾರರಿಂದ ತೀವ್ರ ಪ್ರತಿಭಟನೆ ಎದ್ದು, ಆ ಯತ್ನ ನಿಂತಿತು. ಅದೇ ವರ್ಷ 'ಬೇಸಿಕ್ ಫ್ಯಾಂಟಸಿ'ಯ ನಾಲ್ಕನೆಯ ಆವೃತ್ತಿಯು ಹಳೆಯ ಪರವಾನಗಿಯನ್ನು ತೊರೆದು 'ಕ್ರಿಯೇಟಿವ್ ಕಾಮನ್ಸ್' ಪರವಾನಗಿಯ ಅಡಿಯಲ್ಲಿ ಹೊರಬಂದಿತು. ಇದರಂತೆ ಯಾರಾದರೂ ಗ್ರಂಥವನ್ನು ಪ್ರತಿಮಾಡಬಹುದು, ಅನುವಾದಿಸಬಹುದು, ತಿದ್ದಬಹುದು. ಮೂಲಕರ್ತೃವನ್ನು ಹೆಸರಿಸಬೇಕು, ತಿದ್ದಿದ್ದನ್ನು ಹಂಚುವಾಗ ಇದೇ ಸ್ವಾತಂತ್ರ್ಯವನ್ನು ಇತರರಿಗೂ ಬಿಡಬೇಕು: ಕರಾರು ಇಷ್ಟೇ.

ಇಂಥ ಒಡೆತನವಿಲ್ಲದ ಆಟ ನಮಗೆ ಹೊಸದಲ್ಲ. ಇಪ್ಪತ್ತೈದು ಮನೆಗಳ ಚೌಕಾಬಾರವನ್ನು ನಾಲ್ಕು ಕವಡೆಗಳಿಂದ ಆಡುವ ಕ್ರಮವನ್ನು ನಮ್ಮ ಭಾಗದ ಮಕ್ಕಳು ಯಾವ ಗ್ರಂಥವನ್ನೂ ನೋಡದೆ ಕಲಿತರು. ಎದುರಾಳಿಯ ಕಾಯನ್ನು ಕಡಿಯದೆ ಒಳಮನೆಗೆ ಹೋಗಬಹುದೇ ಎಂಬುದು ಓಣಿಗೊಂದು ವಿಧ. ಕಟ್ಟೆಯ ಮೇಲೆ ಕುಳಿತವರು ಮೊದಲೇ ಮಾತಾಡಿಕೊಂಡರೆ ಅದೇ ಶಾಸ್ತ್ರ. ಇದಕ್ಕೆ ಪ್ರತಿಯಾಗಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಶ್ರೀತತ್ತ್ವನಿಧಿಯ ಕೌತುಕನಿಧಿ ಎಂಬ ಭಾಗದಲ್ಲಿ ಆಟಗಳನ್ನು ಲಿಖಿತರೂಪಕ್ಕೆ ತಂದರು. ಅವರ ಚಾಮುಂಡೇಶ್ವರಿ ಛದದಲ್ಲಿ ೧೬ ಬಣ್ಣಗಳಿಗೆ ಸೇರಿದ ೩೨೦ ಎಲೆಗಳಿದ್ದವು. ಅರಮನೆಯ ಆ ಆಟ ಗ್ರಂಥದಲ್ಲಿ ಉಳಿಯಿತು, ಜನರ ಕೈಯಲ್ಲಿ ಹರಡಲಿಲ್ಲ. ಕಟ್ಟೆಯ ಆಟ ಜನರಲ್ಲಿ ಹರಡಿತು, ಗ್ರಂಥದಲ್ಲಿ ನಿಲ್ಲಲಿಲ್ಲ. ಲಿಖಿತವಾಗಿದ್ದೂ ಎಲ್ಲರ ಸ್ವತ್ತಾಗಿರುವುದು ಪ್ರಕೃತ ಗ್ರಂಥದ ವಿಶೇಷ. ಬಿಟ್ಟಿಯಾಗಿ ದೊರೆಯುವುದಕ್ಕಿಂತ ತಿದ್ದುವ ಹಕ್ಕು ದೊರೆಯುವುದೇ ಇಲ್ಲಿ ದೊಡ್ಡದು.

ಇನ್ನು ನಿಯಮಗಳ ಗುಣದೋಷಗಳ ವಿಚಾರ. ಕತ್ತಲೆ, ಹೊರೆ, ಕಾಲ ಇವುಗಳ ಲೆಕ್ಕವನ್ನು ಗ್ರಂಥಕಾರರು ಚೆನ್ನಾಗಿ ಇರಿಸಿದ್ದಾರೆ. ನೆಲಮಾಳಿಗೆಯಲ್ಲಿ ಹತ್ತು ನಿಮಿಷಕ್ಕೆ ಒಂದು 'ಸರದಿ'. ಪಂಜು ಎಷ್ಟು ಸರದಿ ಉರಿಯುವುದೆಂಬುದನ್ನು ನಾಲ್ಕು ಮುಖದ ದಾಳಕ್ಕೆ ನಾಲ್ಕನ್ನು ಕೂಡಿಸಿ ತಿಳಿಯಬೇಕು. ಎಂದರೆ ಐವತ್ತರಿಂದ ಎಂಬತ್ತು ನಿಮಿಷ. ಪಂಜು ಯಾವಾಗ ಆರುವುದೆಂಬುದು ಹಿಡಿದವನಿಗೆ ಮೊದಲೇ ತಿಳಿಯದಿರುವುದು ಎಷ್ಟು ಸಹಜ!

ಇದಕ್ಕಿಂತ ಮೇಲಾದುದು ಧೈರ್ಯದ ನಿಯಮ. ಪ್ರತಿಯೊಂದು ವೈರಿಗುಂಪಿಗೂ ೨ರಿಂದ ೧೨ರ ವರೆಗಿನ ಒಂದು ಧೈರ್ಯಾಂಕವಿದೆ. ಕಾಳಗದ ಕಷ್ಟಕಾಲದಲ್ಲಿ ಸೂತ್ರಧಾರನು ಎರಡು ದಾಳಗಳನ್ನು ಉರುಳಿಸುತ್ತಾನೆ. ಮೊತ್ತವು ಆ ಅಂಕವನ್ನು ಮೀರಿದರೆ ಗುಂಪು ಕಾಲ್ತೆಗೆಯುತ್ತದೆ. ಧೈರ್ಯಾಂಕ ೭ ಇದ್ದವರು ಮೂವತ್ತಾರರಲ್ಲಿ ಹದಿನೈದು ಸಲ ಓಡುತ್ತಾರೆ. ೯ ಇದ್ದವರು ಆರರಲ್ಲಿ ಒಂದೇ ಸಲ. ಯುದ್ಧವು ಕೊನೆಯ ಹೆಣ ಬೀಳುವವರೆಗೆ ನಡೆಯುವುದಿಲ್ಲ, ಒಂದು ಕಡೆಯ ಎದೆ ಒಡೆಯುವವರೆಗೆ ನಡೆಯುತ್ತದೆ ಎಂಬ ಸತ್ಯ ಇಲ್ಲಿ ಅಂಕಿಗಳಲ್ಲಿ ಅಡಗಿದೆ. ನಮ್ಮ ಎಂ.ಕೆ. ಹುಬ್ಬಳ್ಳಿಯ ನೆರೆಯ ಕಿತ್ತೂರಿನಲ್ಲಿ ೧೮೨೪ರ ಅಕ್ಟೋಬರ್ ೨೩ರಂದು ನಡೆದುದನ್ನು ನೆನೆಯಬಹುದು. ಧಾರವಾಡದ ಕಲೆಕ್ಟರ್ ಥ್ಯಾಕರೆ ಮಡಿದನು. ಕಂಪನಿಯ ದಂಡು ಮುರಿಯಿತು. ಮುಂದೆ ಶಾಸನಸಂಗ್ರಹಕ್ಕೆ ಹೆಸರಾದ ವಾಲ್ಟರ್ ಎಲಿಯಟ್ ಸ್ಟೀವನ್ಸನ್‌ನೊಡನೆ ಸೆರೆಯಾದನು. ಆ ದಿನದ ಫಲವನ್ನು ನಿರ್ಣಯಿಸಿದುದು ಸತ್ತವರ ಸಂಖ್ಯೆಯೊಂದೇ ಅಲ್ಲ.

ಆದರೆ ಈ ನಿಯಮಕ್ಕೊಂದು ವಕ್ರತೆಯುಂಟು. ಭಯ ವೈರಿಗಳಿಗೂ ಕೂಲಿಯ ಅನುಚರರಿಗೂ ಮಾತ್ರ. ಆಟಗಾರರ ಪಾತ್ರಗಳಿಗೆ ಅದು ಅನ್ವಯಿಸದು. ಗೆದ್ದವರು ಬರೆದ ವೃತ್ತಾಂತಗಳಲ್ಲಿಯೂ ಹೀಗೆಯೇ: 'ಅವರು' ಬೆದರಿ ಓಡುತ್ತಾರೆ, 'ನಾವು' ಯುಕ್ತಿಯಿಂದ ಹಿಂಜರಿಯುತ್ತೇವೆ. ಆಟಗಾರನ ಇಚ್ಛೆಯನ್ನು ದಾಳದ ವಶಕ್ಕೆ ಕೊಡಬಾರದೆಂಬುದು ನಿಯಮಕಾರರ ಸಮಾಧಾನವಿರಬಹುದು, ಅದನ್ನು ಒಪ್ಪೋಣ. ಆದರೂ ಓದುವವನು ಈ ಏಕಪಕ್ಷೀಯತೆಯನ್ನು ಗುರುತಿಸಿ ಮುಂದುವರಿಯಬೇಕು.

ಗ್ರಂಥದ ನಿಜವಾದ ದೌರ್ಬಲ್ಯವಿರುವುದು ಅನುಚರರ ನಿಷ್ಠೆಯ ವಿಷಯದಲ್ಲಿ. ಅನುಚರನ ನಿಷ್ಠಾಂಕವು ಸಾಮಾನ್ಯವಾಗಿ ೭. ಅದಕ್ಕೆ ಒಡೆಯನ ವ್ಯಕ್ತಿತ್ವದ ಆಕರ್ಷಣೆಗನುಸಾರವಾಗಿ ಹೆಚ್ಚೆಂದರೆ ಮೂರು ಕೂಡುತ್ತದೆ ಅಥವಾ ಮೂರು ಕಳೆಯುತ್ತದೆ. ಪರೀಕ್ಷೆಯ ಕ್ರಮ ಧೈರ್ಯದಂತೆಯೇ. ಎಂದರೆ ಸಾಧಾರಣ ಒಡೆಯನ ಅನುಚರನು ಹನ್ನೆರಡರಲ್ಲಿ ಐದು ಪಾಲು ಕೈಬಿಡುತ್ತಾನೆ. ಅತ್ಯಾಕರ್ಷಕ ಒಡೆಯನ ಅನುಚರನು ಹನ್ನೆರಡರಲ್ಲಿ ಒಂದೇ ಪಾಲು. ಸಂಬಳ, ಲೂಟಿಯ ಪಾಲು, ನಾಯಕನ ತೇಜಸ್ಸು: ನಿಷ್ಠೆಗೆ ಈ ನಿಯಮ ಕಾಣುವ ಕಾರಣಗಳು ಮುಖ್ಯವಾಗಿ ಇವೇ.

ಈ ಅಳತೆಗೋಲಿನಿಂದ ಸಂಗೊಳ್ಳಿ ರಾಯಣ್ಣನ ದಂಗೆಯನ್ನು ಅಳೆದು ನೋಡಬಹುದು. ರಾಣಿ ಚೆನ್ನಮ್ಮಾಜಿ ಸೆರೆಯಲ್ಲಿದ್ದು ೧೮೨೯ರಲ್ಲಿ ಬೈಲಹೊಂಗಲದಲ್ಲಿ ತೀರಿಕೊಂಡರು. ಆಮೇಲೆ ರಾಯಣ್ಣನಿಗೆ ಸಂಬಳ ಕೊಡುವ ಒಡೆಯರಿರಲಿಲ್ಲ. ಅವನ ಹಿಂದೆ ಬಂದವರಿಗೂ ಬೊಕ್ಕಸದ ಭರವಸೆ ಇರಲಿಲ್ಲ. ನಿಯಮದ ಪ್ರಕಾರ ಆ ಪಡೆ ಮೊದಲ ಪರೀಕ್ಷೆಯಲ್ಲಿಯೇ ಚೆದುರಬೇಕು. ಅದು ಚೆದುರಲಿಲ್ಲ. ಕಾರಣ ಭೂಮಿ. ಸೇವೆಗೆ ಪ್ರತಿಯಾಗಿ ಹೊಲ ಪಡೆದಿದ್ದ ಶೇತಸನದಿಗಳು ಕಿತ್ತೂರು ಸಂಸ್ಥಾನದ ಬೆನ್ನೆಲುಬು. ಕಂಪನಿಯ ಆಡಳಿತದಲ್ಲಿ ಹೊಲ ಹೋಯಿತು, ಉಳಿದುದಕ್ಕೆ ಕಂದಾಯ ಏರಿತು. ರಾಯಣ್ಣನ ಹೊಲಕ್ಕೂ ಅದೇ ಗತಿ. ಅವನ ಪಡೆ ಸರ್ಕಾರಿ ಕಚೇರಿಗಳಿಗೆ ಬೆಂಕಿಯಿಟ್ಟುದರ ಅರ್ಥವನ್ನು ಈ ಹಿನ್ನೆಲೆಯಲ್ಲಿಯೇ ತಿಳಿಯಬೇಕು: ದಫ್ತರದಲ್ಲಿದ್ದುದು ಭೂಮಿಯ ಲೆಕ್ಕ. ಒಳಗಿನವರ ನೆರವಿನಿಂದಲೇ ಕಂಪನಿಯು ೧೮೩೦ರಲ್ಲಿ ಅವನನ್ನು ಹಿಡಿದು, ೧೮೩೧ರ ಜನವರಿ ೨೬ರಂದು ನಂದಗಡದಲ್ಲಿ ಗಲ್ಲಿಗೇರಿಸಿತು. ಈ ನಿಷ್ಠೆಯನ್ನಾಗಲಿ ಈ ದ್ರೋಹವನ್ನಾಗಲಿ ನಾಯಕನ ಆಕರ್ಷಣೆಯೊಂದರಿಂದಲೇ ವಿವರಿಸಲು ಬಾರದು.

ಬಿ.ಎ. ತರಗತಿಯ ಕೆಲವು ವಿದ್ಯಾರ್ಥಿಗಳೊಡನೆ ಈ ನಿಯಮವನ್ನು ಆಡಿ ನೋಡಿದಾಗ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಸರ್, ಈ ಆಳುಗಳಿಗೆ ಮನಿ-ಹೊಲ ಏನೂ ಇಲ್ಲೇನ್ರಿ?" ಗ್ರಂಥದ ಕೊರತೆಯನ್ನು ಇದಕ್ಕಿಂತ ಸಂಕ್ಷೇಪವಾಗಿ ಹೇಳುವುದು ಕಷ್ಟ.

ಮಾರಾಟದ ಗ್ರಂಥವಾಗಿದ್ದರೆ ವಿಮರ್ಶೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ತಿದ್ದುವ ಹಕ್ಕು ನಮಗೂ ಇರುವುದರಿಂದ ವಿಮರ್ಶಕನ ಹೊಣೆ ಮುಂದುವರಿಯುತ್ತದೆ. ಆದಕಾರಣ ಒಂದು ಸೂಚನೆ. ಅನುಚರನಿಗೆ ಒಡೆಯನಿಂದ ಹೊಲ ಬಂದಿದ್ದರೆ ನಿಷ್ಠಾಂಕಕ್ಕೆ ಎರಡನ್ನು ಕೂಡಿಸಬೇಕು. ವೈರಿಯೇ ಅವನ ಹೊಲವನ್ನು ಕಸಿದಿದ್ದರೆ ಇನ್ನೊಂದನ್ನು ಕೂಡಿಸಬೇಕು; ಆಗ ಸಾಧಾರಣ ನಾಯಕನ ಬೆನ್ನಿಗೂ ೧೦ರ ನಿಷ್ಠೆಯವರು ನಿಲ್ಲುತ್ತಾರೆ. ಹೊಲವಿಲ್ಲದ ಕೂಲಿಯಾಳಿಗೆ ವೈರಿಯು ಹೊಲದ ಆಸೆ ತೋರಿಸಿದರೆ ಮೂರನ್ನು ಕಳೆಯಬೇಕು. ಆಗ ನಿಷ್ಠಾಂಕ ೪ಕ್ಕಿಳಿದು ಆರರಲ್ಲಿ ಐದು ಪಾಲು ಆತನು ಕೈಬಿಡುತ್ತಾನೆ. ಈ ಅಂಕಿಗಳೇ ಅಂತಿಮವಲ್ಲ. ಕೊಲ್ಲಾಪುರದ, ಸುರಪುರದ, ನರಗುಂದದ ಚರಿತ್ರೆಗಳನ್ನು ಬಲ್ಲವರು ಬೇರೆ ಅಂಕಿಗಳನ್ನು ಇಡಬಹುದು, ಇಡಲಿ. ಪ್ರತಿಯೊಂದು ಅಂಕಿಗೂ ಕಾರಣ ಕೊಡಬೇಕಾದ ಪ್ರಸಂಗ ಬಂದಾಗ ವಿದ್ಯಾರ್ಥಿಯು ಪಠ್ಯದಿಂದ ಆಧಾರಗಳ ಕಡೆಗೆ ತಾನಾಗಿ ಹೋಗುತ್ತಾನೆ.

ಅನುವಾದಕರಿಗೆ ಒಂದು ಮಾತು. ಎಲ್ಫ್, ಗಾಬ್ಲಿನ್ ಎಂಬಲ್ಲಿ ಯಕ್ಷ, ಪಿಶಾಚಿ ಎಂದು ಬರೆದ ಮಾತ್ರಕ್ಕೆ ಗ್ರಂಥ ಕನ್ನಡದ್ದಾಗದು. ಹೆಸರು ಬದಲಾಗಿ ಕಾರಣಗಳು ಹಾಗೆಯೇ ಉಳಿದರೆ ಅದು ಕನ್ನಡದ ಅಂಗಿ ತೊಟ್ಟ ಪರದೇಶಿಯೇ ಸರಿ. ಮೊದಲು ಅನುವಾದಗೊಳ್ಳಬೇಕಾದುದು ಮನುಷ್ಯರು ಯಾತಕ್ಕಾಗಿ ಜೀವ ಕೊಡುತ್ತಾರೆಂಬ ಭಾಗ.

ಒಟ್ಟಿನಲ್ಲಿ, ಭಯವನ್ನು ಚೆನ್ನಾಗಿ ಅರಿತು ನಿಷ್ಠೆಯನ್ನು ಅರೆಯಾಗಿ ಅರಿತ ಗ್ರಂಥವಿದು. ಕತ್ತಲೆಯಲ್ಲಿ ಪಂಜು ಹಿಡಿದು ನಡೆಯುವವರ ಲೆಕ್ಕ ಇದರಲ್ಲಿದೆ. ಅವರು ಬಿಟ್ಟುಬಂದ ಹೊಲದ ಲೆಕ್ಕ ಇಲ್ಲ. ಅದನ್ನು ಬರೆದು ಸೇರಿಸಲು ಗ್ರಂಥಕಾರರು ಯಾರ ಅಪ್ಪಣೆಯನ್ನೂ ಬೇಡದಂತೆ ದಾರಿ ತೆರೆದಿಟ್ಟಿದ್ದಾರೆ. ನಮ್ಮ ಕಾಲೇಜುಗಳ ಇತಿಹಾಸ ವಿಭಾಗಗಳು ಈ ಕಾರ್ಯಕ್ಕೆ ಕೈಹಾಕಿದರೆ ಅದು ಕೇವಲ ವಿನೋದವೆನಿಸಲಾರದು.