ಕುಂತವರಿಗೆ ಮೂರು ಸಾವಿರ

ಕೊಡುವ ಕೈಯನ್ನು ಟೀಕಿಸಿದರೆ ಜನ ಸಿಟ್ಟಾಗುತ್ತಾರೆ. ಆದರೂ ಯುವನಿಧಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ರಾಜ್ಯದ ಐದು ಗ್ಯಾರಂಟಿಗಳಲ್ಲಿ ಕಡೆಗೆ ಬಂದದ್ದು ಇದು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಹಣ ಹಾಕಲು ಶುರುಮಾಡಿದರು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಪಾಸಾಗಿ 180 ದಿನ ಕೆಲಸವಿಲ್ಲದೆ ಕಳೆದಿರಬೇಕು; ಆಮೇಲೆ ಹೆಚ್ಚೆಂದರೆ ಎರಡು ವರ್ಷ.

ನಮ್ಮ ಎಂ.ಕೆ. ಹುಬ್ಬಳ್ಳಿಯಂಥ ಊರಿನ ಹುಡುಗಿಗೆ ಮೂರು ಸಾವಿರ ಸಣ್ಣ ಮಾತಲ್ಲ. ಪರೀಕ್ಷೆಯ ಅರ್ಜಿ, ಪುಸ್ತಕ, ಫೋಟೋ, ಝೆರಾಕ್ಸ್ ಎಂದು ಅಪ್ಪನ ಮುಂದೆ ಕೈಚಾಚುವುದು ತಪ್ಪುತ್ತದೆ. ಸ್ವಂತ ಖಾತೆಗೆ ರೊಕ್ಕ ಬಂದರೆ ಮನೆಯಲ್ಲಿ ಅವಳ ಮಾತಿಗೂ ಒಂದಿಷ್ಟು ತೂಕ ಬರುತ್ತದೆ.

ನನ್ನ ತಕರಾರು ನಿಯಮದ ಮೇಲೆ. ಮುಂದೆ ಓದಲು ಸೇರಿದರೆ ಹಣವಿಲ್ಲ. ಅಪ್ರೆಂಟಿಸ್ ಭತ್ಯೆ ಪಡೆದರೆ ಇಲ್ಲ. ಖಾಸಗಿ ಕೆಲಸ ಹಿಡಿದರೂ ಇಲ್ಲ. ಬಿ.ಎ. ಮುಗಿಸಿದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಿ.ಎಡ್. ಸೇರಬೇಕೆಂದಿದ್ದಳು. ನಿಯಮ ಓದಿಕೊಂಡು ಬಂದು, "ಅಕ್ಕೋರ, ಮನ್ಯಾಗ ಕುಂತ್ರ ರೊಕ್ಕ ಕೊಡ್ತಾರ, ಓದಾಕ ಹೋದ್ರ ನಿಲ್ಲಸ್ತಾರ. ಇದೆಂಥಾ ಲೆಕ್ಕರಿ?" ಎಂದು ಕೇಳಿದಳು. ನಾನೇನು ಹೇಳಲಿ? ಫೀ ಕಟ್ಟಬೇಕಾದ ಹೊತ್ತಿಗೇ ನೆರವು ಕೈಬಿಡುತ್ತದೆ. ಸಣ್ಣ ಶಾಲೆಯೊಂದರಲ್ಲಿ ನಾಲ್ಕೈದು ಸಾವಿರಕ್ಕೆ ಪಾಠ ಹೇಳಲು ಹೋದವಳದೂ ಇದೇ ಗತಿ. ತಿಂಗಳೆಲ್ಲ ದುಡಿದದ್ದಕ್ಕೆ ಅವಳಿಗೆ ನಿಜವಾಗಿ ಸಿಕ್ಕ ಲಾಭ ಒಂದೆರಡು ಸಾವಿರ. ಇನ್ನು ಕುಳಿತವಳು 'ನಾನು ನಿರುದ್ಯೋಗಿ' ಎಂದು ಆಗಾಗ ತಾನೇ ಘೋಷಿಸುತ್ತಿರಬೇಕು!

ಆ 180 ದಿನಗಳ ಸಂಗತಿ ಹೆಣ್ಣುಮಕ್ಕಳನ್ನು ಹೆತ್ತವರಿಗೆ ಗೊತ್ತು. ಡಿಗ್ರಿ ಮುಗಿಸಿದ ಮಗಳು ಮನೆಯಲ್ಲಿದ್ದಾಳೆಂದರೆ ಸಾಕು, ಕನ್ಯಾ ನೋಡುವವರು ಬರತೊಡಗುತ್ತಾರೆ. ಕೈಹಿಡಿಯಬೇಕಾದ ಆರು ತಿಂಗಳನ್ನೇ ಸರಕಾರ ಕಾಯಲು ಬಿಟ್ಟಿದೆ. ಗಂಡುಮಕ್ಕಳಿಗೆ ಇದು ಇಷ್ಟು ತಟ್ಟಲಿಕ್ಕಿಲ್ಲ.

ಕೇಂದ್ರದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಬೇರೆ ಥರದ್ದು. 2024ರಲ್ಲಿ ಶುರುವಾದಾಗ ದೊಡ್ಡ ಕಂಪನಿಗಳಲ್ಲಿ ಒಂದು ವರ್ಷದ ಅನುಭವ, ತಿಂಗಳಿಗೆ 5,000 ರೂಪಾಯಿ, ಸೇರುವಾಗ ಒಮ್ಮೆ 6,000 ಎಂದರು. ಅಲ್ಲಿ ಕೆಲಸವಾದರೂ ಕಲಿಯಬಹುದು, ಒಪ್ಪಿದೆ. ಆದರೆ ಬೆಂಗಳೂರಿನಲ್ಲಿ ಜಾಗ ಸಿಕ್ಕರೆ ಐದು ಸಾವಿರದಲ್ಲಿ ರೂಮಿನ ಬಾಡಿಗೆಯೋ ಊಟವೋ? ವರ್ಷ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟೂ ಕಂಪನಿಗಿಲ್ಲ.

2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯನ್ನು ನೋಡಿ. ಹೆಂಗಸು ಕಾಲೇಜಿಗೆ ಹೊರಟಿದ್ದಾಳೋ, ಕೂಲಿಗೋ, ತವರಿಗೋ ಎಂದು ಕಂಡಕ್ಟರ್ ಕೇಳುವುದಿಲ್ಲ. ಯುವನಿಧಿಗೂ ಅಷ್ಟು ನಂಬಿಕೆ ಇರಲಿ. ಬಿ.ಎಡ್. ಸೇರಿದವಳಿಗೆ ಆ ಎರಡು ವರ್ಷವೂ ಕೊಡಲಿ. ಕಡಿಮೆ ಸಂಬಳದ ಕೆಲಸ ಹಿಡಿದವಳಿಗೆ ಒಮ್ಮೆಲೇ ನಿಲ್ಲಿಸದೆ ಆರು ತಿಂಗಳಾದರೂ ಮುಂದುವರಿಸಲಿ.